ದೆವ್ವಕ್ಕೆ ಜರಿ ಅಂಚು

ಡಿಗ್ರಿ ಕೊನೆಯ ವರ್ಷ. ಇಂಟರ್ನಲ್ ಅಂಕಕ್ಕೆ ಒಂದು ಕಿರುಚಿತ್ರ ಮಾಡಿಕೊಂಡು ಬನ್ನಿ ಅಂದರು. ಎಂಟು ನಿಮಿಷ ಮೀರಬಾರದು, ಕಥೆ ನಿಮ್ಮಿಷ್ಟ. ನಾವು ಐದು ಜನ ಕ್ಯಾಂಟೀನಿನಲ್ಲಿ ಕೂತು ಲೆಕ್ಕ ಹಾಕಿದೆವು. ಪ್ರೇಮಕಥೆ ಅಂದರೆ ಹೀರೋ ನೋಡುವ ಹಾಗಿರಬೇಕು. ನಮ್ಮಲ್ಲಿ ಯಾರೂ ಹಾಗಿರಲಿಲ್ಲ. ಕಾಮಿಡಿ ಕಷ್ಟ. ಸಂದೇಶ ಕೊಡುವ ಚಿತ್ರಕ್ಕೆ ಮೊದಲು ಸಂದೇಶ ಬೇಕು. ಹಾರರ್ ಆದರೆ ಕತ್ತಲೆ ಇದ್ದರೆ ಸಾಕು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಟೀ ತಣ್ಣಗಾಗುವುದರೊಳಗೆ ತೀರ್ಮಾನವಾಯಿತು.

ಕಥೆ ನನ್ನದು. ಸಂಭಾಷಣೆಯೂ ನನ್ನದು. ಎಕ್ಸ್‌ಟೆನ್ಷನ್ ಬಾಕ್ಸ್ ಹಿಡಿದುಕೊಂಡು ಓಡಾಡುವ ಕೆಲಸವೂ ನನ್ನದೇ. ಪಾಳುಬಿದ್ದ ಮನೆ, ರಾತ್ರಿ ತಂಗಲು ಬರುವ ಹುಡುಗ, ಬಿಳಿ ಸೀರೆಯ ಹೆಂಗಸು. ಹೊಸತೇನೂ ಇಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುವುದನ್ನು ಸೇರಿಸಿದ್ದೆ. ನಾವು ಹುಟ್ಟುವ ಮೊದಲು, ತೊಂಬತ್ತರ ದಶಕದಲ್ಲಿ, ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಊರೂರಲ್ಲಿ ಜನ ಬಾಗಿಲಿಗೆ ಹೀಗೆ ಬರೆದದ್ದಿದೆ. ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಇಷ್ಟು ವಿಧೇಯ ದೆವ್ವ ಬೇರೆ ಯಾವ ರಾಜ್ಯಕ್ಕೂ ಸಿಕ್ಕಿರಲಿಕ್ಕಿಲ್ಲ.

ಮನೆ ಹುಡುಕುವುದೂ ಕಷ್ಟವಾಗಲಿಲ್ಲ. ಕ್ಯಾಮೆರಾದವನ ಅಜ್ಜಿ ಮನೆ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿತ್ತು. ನೂರು ವರ್ಷದ ಹಂಚಿನ ಮನೆ, ಮರದ ಕಂಬ, ಮೇಲೆ ಅಟ್ಟ, ಸುತ್ತ ತೋಟ. “ಅಜ್ಜಿ ಒಬ್ರೇ ಇರೋದು. ನರಪಿಳ್ಳೆ ಇರಲ್ಲ” ಅಂದ. ಎರಡು ರಾತ್ರಿ, ಮೂರು ಹಗಲು. ಬಜೆಟ್ 4,200 ರೂಪಾಯಿ. ಅದರಲ್ಲಿ ಕ್ಯಾಮೆರಾ ಬಾಡಿಗೆಯೇ ಮುಕ್ಕಾಲು ತಿಂದಿತ್ತು.

ಉಳಿದದ್ದರಲ್ಲಿ ಸೀರೆ ತರಬೇಕು. ಶಿವಮೊಗ್ಗದ ಒಂದು ಬಟ್ಟೆ ಅಂಗಡಿಗೆ ಹೋಗಿ ಬಿಳಿ ಸೀರೆ ಕೇಳಿದೆ. ಅಂಗಡಿಯವರು ದನಿ ಇಳಿಸಿ, “ಮನೇಲಿ ಯಾರು ಹೋಗಿದ್ದು?” ಅಂದರು. ಸಿನಿಮಾಕ್ಕೆ ಅನ್ನುವುದರ ಬದಲು ಗಾಬರಿಯಲ್ಲಿ “ಇನ್ನೂ ಯಾರೂ ಹೋಗಿಲ್ಲ” ಅಂದುಬಿಟ್ಟೆ. ಅವರು ನನ್ನನ್ನೇ ಒಂದು ನಿಮಿಷ ನೋಡಿದರು. ಪೂರ್ತಿ ಬಿಳಿ ಸಿಗಲಿಲ್ಲ. ಸಣ್ಣ ಜರಿ ಅಂಚಿನದು 380 ರೂಪಾಯಿಗೆ ಸಿಕ್ಕಿತು. ನಿರ್ದೇಶಕ ಅಂಚು ಮುಟ್ಟಿ ನೋಡಿ, “ಅನುಕೂಲಸ್ಥರ ಮನೆ ದೆವ್ವ ಅಂದ್ಕೊಳ್ಳೋಣ” ಅಂದ.

ಡಿಸೆಂಬರ್‌ನಲ್ಲಿ ಹೊರಟೆವು. ದೆವ್ವ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಆನಂದಪುರ ದಾಟುವ ಹೊತ್ತಿಗೆ ಅವಳ ಮುಖಕ್ಕೆ ಮೇಕಪ್ಪೇ ಬೇಡ ಅನ್ನುವ ಹಾಗಿತ್ತು.

ಸಂಜೆ ಆರೂವರೆಗೆ ಮನೆ ಮುಟ್ಟಿದರೆ ಜಗಲಿಯ ಮೇಲೆ ಹದಿನಾರು ಜನ ಕೂತಿದ್ದಾರೆ. ಎಲ್ಲರ ಮುಂದೂ ಒಂದೊಂದು ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆ ರಾಶಿ. ಮೊಬೈಲಿನಲ್ಲಿ ಹಾಡು. ನಮ್ಮ ಕ್ಯಾಮೆರಾದವ ಅಜ್ಜಿ ಮನೆಗೆ ಬರುತ್ತಿದ್ದದ್ದು ಬೇಸಿಗೆ ರಜೆಯಲ್ಲಿ ಮಾತ್ರವಂತೆ. ಅಡಿಕೆ ಸುಗ್ಗಿಯಲ್ಲಿ ಮಲೆನಾಡಿನ ಮನೆ ಹೇಗಿರುತ್ತದೆ ಅಂತ ಆ ಅಡಿಕೆ ಬೆಳೆಗಾರರ ಮೊಮ್ಮಗನಿಗೆ ಗೊತ್ತೇ ಇರಲಿಲ್ಲ.

“ಎಷ್ಟು ಹೊತ್ತಿಗೆ ಮುಗಿಸ್ತಾರೆ?” ಅಂತ ಕೇಳಿದೆ.

“ಮುಗಿದಾಗ” ಅಂದರು ಅಜ್ಜಿ.

ಹಗಲು ಮರದಿಂದ ಅಡಿಕೆ ಗೊನೆ ಇಳಿಸಿ ತಂದದ್ದನ್ನು ಬಿಸಿಲಿಗೆ ಬಾಡಲು ಬಿಡದೆ ಸುಲಿಯಬೇಕು, ಬೇಯಿಸಬೇಕು. ಹಾಗಾಗಿ ರಾತ್ರಿ ಹನ್ನೊಂದಾದರೂ ಜಗಲಿಯಲ್ಲಿ ಜಾತ್ರೆ. ಕೂಲಿ ಡಬ್ಬದ ಲೆಕ್ಕ, ಯಾರೂ ಕೈ ನಿಲ್ಲಿಸುವುದಿಲ್ಲ. ಬಾಯಂತೂ ನಿಲ್ಲುವುದೇ ಇಲ್ಲ. ನಮ್ಮ ಪಾಳುಮನೆಯ ಮುಂಬಾಗಿಲಿನಲ್ಲಿ ಕಾಯಂ ಹದಿನಾರು ಜನ ಪ್ರೇಕ್ಷಕರು.

ಅವರಿಗೆ ಕಥೆ ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು. ಅಲ್ಲಿಂದ ಮುಂದೆ ನಿರ್ದೇಶಕನ ಕೈಯಲ್ಲಿ ಏನೂ ಉಳಿಯಲಿಲ್ಲ. ದೆವ್ವ ಪಡಸಾಲೆಯಿಂದ ನಡೆದು ಬಂದರೆ ಒಬ್ಬಾಕೆ, “ಅಯ್ಯ, ಅದು ನಡಿಯೋದು ಹಂಗಲ್ಲ ಮಾರಾಯ್ತಿ. ಪಾದ ಹಿಂದುಮುಂದು ಇರ್ತದೆ” ಅಂದಳು. ಇನ್ನೊಬ್ಬರು ಅದು ಮೋಹಿನಿಗೆ, ಕೊಳ್ಳಿದೆವ್ವಕ್ಕೆ ಕಾಲೇ ಇಲ್ಲ, ಗದ್ದೆ ಬಯಲಲ್ಲಿ ಬರೀ ಬೆಂಕಿ ಹೋಗ್ತದೆ ಅಂದರು. ತಮ್ಮ ಮಾವ ಕಣ್ಣಾರೆ ಕಂಡದ್ದು ಅಂತ ಮತ್ತೊಬ್ಬರು. ಮಾವ ಆವತ್ತು ಎಲ್ಲಿಂದ ಬರ್ತಿದ್ದ ಅನ್ನೋದು ನಮಗೂ ಗೊತ್ತು ಅಂತ ಮೂಲೆಯಿಂದ ಒಂದು ದನಿ. ಜಗಲಿಗೆ ಜಗಲಿಯೇ ನಕ್ಕಿತು. ನಮ್ಮ ದೆವ್ವವೂ ಸೀರೆ ಎತ್ತಿಕಟ್ಟಿ ಅವರ ಮಧ್ಯೆ ಕೂತು ನಗುತ್ತಿತ್ತು.

ಪಾದ ಹಿಂದುಮುಂದಿನ ಮಾತು ಮಾತ್ರ ನಿರ್ದೇಶಕನ ತಲೆಗೆ ಹೊಕ್ಕಿತು. ಅವನಿಗೆ ಒಂದು ಉಪಾಯ ಗೊತ್ತಿತ್ತು. ದೆವ್ವ ಹಿಂದಕ್ಕೆ ನಡೆಯಬೇಕು, ಎಡಿಟಿಂಗ್‌ನಲ್ಲಿ ಅದನ್ನು ಉಲ್ಟಾ ಓಡಿಸಬೇಕು. ಆಗ ಮುಂದಕ್ಕೇ ಬರುತ್ತಾಳೆ, ಆದರೆ ಏನೋ ಸರಿಯಿಲ್ಲ ಅನಿಸುತ್ತದೆ. ನಿಜಕ್ಕೂ ಒಳ್ಳೆಯ ಉಪಾಯ. ನಾಲ್ಕು ಟೇಕ್ ತೆಗೆದೆವು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಉಲ್ಟಾ ಓಡಿಸಿ ನೋಡಿದರೆ ದೆವ್ವ ಮೈ ಜುಂ ಅನ್ನುವ ಹಾಗೆ ಬರುತ್ತಿದೆ. ಅವಳ ಹಿಂದೆ, ತೆರೆದ ಬಾಗಿಲಿನಾಚೆ, ಜಗಲಿ ಕಾಣುತ್ತಿದೆ. ಅಲ್ಲಿ ಸುಲಿದ ಅಡಿಕೆ ಬುಟ್ಟಿಯಿಂದ ಒಂದೊಂದೇ ಹಾರಿ ಮೇಲೆ ಬಂದು ಕೈಗೆ ಕೂರುತ್ತಿದೆ. ಕೈ ಅದನ್ನು ಕತ್ತಿಗೆ ತಾಗಿಸಿದ ಕೂಡಲೇ ಸಿಪ್ಪೆ ಬಂದು ಮುಚ್ಚಿಕೊಳ್ಳುತ್ತಿದೆ. ಒಬ್ಬಾಕೆ ಅಂಗಳದಲ್ಲಿದ್ದ ಎಲೆಯಡಿಕೆ ಉಗುಳನ್ನು ಬಾಯಿಗೆ ವಾಪಸ್ ತೆಗೆದುಕೊಂಡಳು. ದೆವ್ವವನ್ನು ಯಾರೂ ನೋಡಲಿಲ್ಲ.

ಬೆಳಕಿನದು ಇನ್ನೊಂದು ಕಥೆ. ಕತ್ತಲೆ ಪುಕ್ಕಟೆ ಅಂದಿದ್ದೆನಲ್ಲ, ಕ್ಯಾಮೆರಾಕ್ಕೆ ಕತ್ತಲೆ ಕಾಣಿಸಲು ಮನೆಯಲ್ಲಿದ್ದ ಅಷ್ಟೂ ಟ್ಯೂಬ್‌ಲೈಟು ಬೇಕಾಯಿತು. ಮೊದಲ ರಾತ್ರಿ ತೆಗೆದ ಎಲ್ಲ ಶಾಟಿನಲ್ಲೂ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ನಿರ್ದೇಶಕ ಅದನ್ನು ದೆವ್ವದ ಇರುವಿಕೆ ಅಂದ. ಕ್ಯಾಮೆರಾದವ ಬೆಳಗಿನ ಜಾವದವರೆಗೆ ತಲೆ ಕೆರೆದುಕೊಂಡು ಕೊನೆಗೆ ಕಂಡುಹಿಡಿದ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಇವನು 1/60 ಇಟ್ಟಿದ್ದ. ಅದು ಅಮೆರಿಕದ ಯಾರೋ ಹೇಳಿಕೊಟ್ಟ ವಿಡಿಯೋ ನೋಡಿ ಕಲಿತದ್ದು, ಅಲ್ಲಿನ ಕರೆಂಟು 60 ಹರ್ಟ್ಸ್. ಒಂದು ರಾತ್ರಿಯ ಕೆಲಸ ಹೀಗೆ ನೀರಿಗೆ ಹೋಯಿತು.

ಮರುದಿನ ಬೆಳಿಗ್ಗೆ ಹಿತ್ತಲ ಕಡೆಯಿಂದ ಅಜ್ಜಿಯ ಕೂಗು. ನಾವು ‘ನಾಳೆ ಬಾ’ ಅಂತ ಸೀಮೆಸುಣ್ಣದಲ್ಲಿ ಬರೆದದ್ದು ಮುಂಬಾಗಿಲ ಮೇಲೆ ಹಾಗೇ ಉಳಿದಿತ್ತು. ಗ್ಯಾಸ್ ಸಿಲಿಂಡರ್ ಗಾಡಿ ಬಂದಿದೆ. ಅವನು ಓದಿದ್ದಾನೆ. ಹೋಗಿದ್ದಾನೆ. ಅವನು ಆ ಕಡೆ ಬರುವುದು ಹದಿನೈದು ದಿನಕ್ಕೊಮ್ಮೆ. “ದೆವ್ವ ಹೋಗ್ತದೋ ಇಲ್ವೋ, ಗ್ಯಾಸಿನವ್ನಂತೂ ಹೋದ” ಅಂದರು ಅಜ್ಜಿ. ಆವತ್ತಿನಿಂದ ನಮ್ಮ ಅಡುಗೆ ಕಟ್ಟಿಗೆ ಒಲೆಯಲ್ಲಿ. ಕಟ್ಟಿಗೆ ತರುವ ಕೆಲಸ, ಬರೆದವನಿಗೆ.

ರಕ್ತದ ವಿಷಯ ಹೇಳಲೇಬೇಕು. ನಾನು ಬರೆದುಕೊಂಡು ಹೋಗಿದ್ದ ಪಾಕದಲ್ಲಿ ಜೇನುತುಪ್ಪ, ಕುಂಕುಮ, ಒಂದು ಚಿಟಿಕೆ ಕೋಕೋ ಪುಡಿ ಇತ್ತು. ಜೇನು ಕೇಳಿದೆ. ಅಜ್ಜಿ, “ತುಡುವೆ ಜೇನು ಔಷಧಿಗೆ ಇಟ್ಟಿದ್ದು ತಮಾ, ಮುಖಕ್ಕೆ ಬಳಿಯಕ್ಕಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಕೆಂಪು ಬಣ್ಣ ಅಲ್ವಾ ಬೇಕಾದ್ದು?” ಅಂತ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಹಳೇ ಕೊಡದ ಮುಚ್ಚಳ ತೆಗೆದರು.

ಚೊಗರು. ಸುಲಿದ ಅಡಿಕೆ ಬೇಯಿಸಿದ ನೀರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಂತೆ ಮಂದವಾಗುತ್ತಾ ಕಪ್ಪುಗೆಂಪಿಗೆ ತಿರುಗುತ್ತದೆ. ಕೆಂಪಡಿಕೆಗೆ ಆ ಹೊಳಪು ಬರುವುದೇ ಇದರಿಂದ. ಬೆರಳು ಅದ್ದಿ ಎತ್ತಿದರೆ ದಪ್ಪಗೆ, ನಿಧಾನಕ್ಕೆ, ಮೊಣಕೈ ಕಡೆಗೆ ಇಳಿಯಿತು. ಕ್ಯಾಮೆರಾದವನ ಕಣ್ಣಲ್ಲಿ ನೀರು ಬಂತು. ಇದಕ್ಕಿಂತ ಚೆನ್ನಾದ ರಕ್ತ ನಾನು ಆಮೇಲೆಯೂ ನೋಡಿಲ್ಲ, ನಿಜವಾದದ್ದನ್ನೂ ಸೇರಿಸಿ.

ದೆವ್ವಕ್ಕೆ ಬಳಿದೆವು. ಕೈಗೆ, ಕುತ್ತಿಗೆಗೆ, ಸೀರೆಗೆ, ತುಟಿಯ ತುದಿಗೆ. ತುಟಿಯದು ಒಳಗೆ ಹೋಯಿತು. ಚೊಗರು ಎಷ್ಟು ಒಗರು ಅಂದರೆ ನಾಲಿಗೆ ಒಣಗಿ ಬಾಯಿ ಸೀಟಿ ಊದುವ ಆಕಾರಕ್ಕೆ ಬರುತ್ತದೆ. “ಬಿಡೋದಿಲ್ಲ, ನಿನ್ನ ಬಿಡೋದಿಲ್ಲ” ಅನ್ನುವುದು ನನ್ನ ಅತ್ಯುತ್ತಮ ಸಂಭಾಷಣೆ. ಅದು “ಉಡೋಉಲ್ಲ, ಉನ್ನ ಉಡೋಉಲ್ಲ” ಅಂತ ಬಂತು. ಬೆಲ್ಲ ತಿನ್ನಿಸಿದೆವು, ಮಜ್ಜಿಗೆ ಕುಡಿಸಿದೆವು, ಪ್ರಯೋಜನವಾಗಲಿಲ್ಲ. ಡಬ್ಬಿಂಗ್‌ನಲ್ಲಿ ಸರಿ ಮಾಡೋಣ ಅಂದ ನಿರ್ದೇಶಕ. ಅವನಿಗೆ ಸಿನಿಮಾದ ಬಗ್ಗೆ ಪೂರ್ತಿಯಾಗಿ ಗೊತ್ತಿದ್ದ ವಾಕ್ಯ ಅದೊಂದೇ.

ತೊಳೆದರೆ ಹೋಗುವುದಿಲ್ಲ ಅನ್ನುವುದನ್ನು ಅಜ್ಜಿ ಹೇಳಲಿಲ್ಲ. ನಾವು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಅವಳ ಅಕ್ಕನ ನಿಶ್ಚಿತಾರ್ಥ ಇತ್ತು. ಫೋಟೋಗಳಲ್ಲಿ ಅವಳೊಬ್ಬಳೇ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾಳೆ. ಸೀರೆಯಂತೂ ಮುಗಿದೇ ಹೋಯಿತು. ಬಿಸಾಡಲು ಹೊರಟಾಗ ಅಜ್ಜಿ ಕಿತ್ತುಕೊಂಡರು. “ಒಂದು ಸಲ ಉಟ್ಟ ಸೀರೆ, ಜರಿ ಬೇರೆ ಇದೆ. ಬಿಸಾಡಕ್ಕೆ ಆಗ್ತದಾ?”

ಶಬ್ದಕ್ಕೆ ಅಂತ ಒಬ್ಬನನ್ನು ಕರೆದುಕೊಂಡು ಹೋಗಿದ್ದೆವು. ಮೂಳೆ ಮುರಿಯುವ ಸದ್ದಿಗೆ ಹಲಸಿನ ಹಪ್ಪಳ ಮುರಿದು ರೆಕಾರ್ಡ್ ಮಾಡುವುದು ಅವನ ಯೋಚನೆ. ಅಜ್ಜಿ ಇಪ್ಪತ್ತು ಹಪ್ಪಳ ಕರಿದುಕೊಟ್ಟರು. ಹದಿನೆಂಟನ್ನು ಅವನು ರಿಹರ್ಸಲ್‌ನಲ್ಲೇ ಮುಗಿಸಿದ. ಚಿತ್ರದಲ್ಲಿ ಹೀರೋನ ಕುತ್ತಿಗೆ ಮುರಿದ ಮೇಲೆ, ಕಿವಿಗೊಟ್ಟು ಕೇಳಿದರೆ, ಯಾರೋ ಅಗಿಯುವುದು ಕೇಳುತ್ತದೆ.

ಪ್ರದರ್ಶನ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಮಧ್ಯಾಹ್ನ ಎರಡೂವರೆಗೆ. ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ. ಐದನೇ ನಿಮಿಷಕ್ಕೆ ದೆವ್ವ ಬರುತ್ತದೆ, ಎಲ್ಲರೂ ಕಿರುಚುತ್ತಾರೆ ಅಂತ ನಾವು ಹಿಂದೆ ನಿಂತು ಕಾಯುತ್ತಿದ್ದೆವು. ಬಂತು. ಮೂರು ಸೆಕೆಂಡು ಹಾಲ್ ನಿಶ್ಶಬ್ದ. ಆಮೇಲೆ ಮುಂದಿನ ಸಾಲಿನ ಹುಡುಗಿ ಜಗಲಿಯ ಕಡೆ ಬೆರಳು ತೋರಿಸಿದಳು. ಉಗುಳು ವಾಪಸ್ ಹೋಗುವ ಹೊತ್ತಿಗೆ ಶಿಳ್ಳೆ ಶುರುವಾಯಿತು. ಒನ್ಸ್ ಮೋರ್ ಅಂದರು. ತೀರ್ಪು ಕೊಡಲು ಬಂದಿದ್ದವರು ಕೊನೆಯಲ್ಲಿ ಮೈಕ್ ಹಿಡಿದು, ಅಡಿಕೆ ಸಂಸ್ಕರಣೆಯನ್ನು ಯುವಕರು ಇಷ್ಟು ಆಸಕ್ತಿಯಿಂದ ದಾಖಲಿಸಿರುವುದು ಸಂತೋಷ ಅಂದರು. ಇಪ್ಪತ್ತೈದಕ್ಕೆ ಹದಿನೇಳು ಬಂತು. ನಾವು ತಿದ್ದಲು ಹೋಗಲಿಲ್ಲ.

ಮರುವರ್ಷ ಜೋಗಕ್ಕೆ ಹೋದವರು ಅಜ್ಜಿ ಮನೆಯಲ್ಲಿ ಉಳಿದೆವು. ಮತ್ತೆ ಡಿಸೆಂಬರ್. ನಸುಕಿನ ನಾಲ್ಕೂವರೆಗೆ ಎಚ್ಚರವಾಯಿತು. ಹಿತ್ತಲ ಬಾಗಿಲು ತೆಗೆದು ಹೊರಗೆ ಕಾಲಿಟ್ಟೆ. ದಟ್ಟ ಇಬ್ಬನಿ. ಹತ್ತು ಹೆಜ್ಜೆ ಆಚೆ ಕೆಂಪು ಬೆಳಕು ನೆಲದಿಂದ ಮೇಲಕ್ಕೆ ಏಳುತ್ತಿದೆ. ಅದರ ಹಿಂದೆ, ಹೊಗೆಯಲ್ಲಿ, ತಲೆ ತುಂಬ ಬಿಳಿ ಸೀರೆ ಹೊದ್ದ ಒಂದು ಆಕಾರ. ಸೀರೆಯ ತುಂಬ ರಕ್ತದ ಕಲೆ. ಕೆಳಗಿಂದ ಬಿದ್ದ ಬೆಳಕಿಗೆ ಕಣ್ಣಿದ್ದಲ್ಲಿ ಎರಡು ಕುಳಿ ಮಾತ್ರ ಕಾಣುತ್ತಿದೆ. ಅದು ಉದ್ದನೆಯ ಏನನ್ನೋ ಹಿಡಿದು ಹಂಡೆಯೊಳಗೆ ನಿಧಾನಕ್ಕೆ ತಿರುಗಿಸುತ್ತಿದೆ.

ನಾನು ಕಿರುಚಿದ್ದು ಎಷ್ಟು ಜೋರಾಗಿತ್ತು ಅಂದರೆ ಕೊಟ್ಟಿಗೆಯಲ್ಲಿ ದನ ಎದ್ದು ನಿಂತವು.

ಅಂಚಿನ ಜರಿ ಬೆಂಕಿಗೆ ಒಮ್ಮೆ ಮಿಂಚಿತು. ಅಜ್ಜಿ ತಿರುಗಿಯೂ ನೋಡಲಿಲ್ಲ.

“ಎದ್ದದ್ದೇ ಹೌದಾದ್ರೆ ಎರಡು ಕಟ್ಟಿಗೆ ತಾ ತಮಾ” ಅಂದರು.