ಫ್ರಿಜ್ಜು ಝೇಂಕರಿಸಲ್ಲ ಸ್ವಾಮೀ, ಗುಂಯ್ ಅನ್ನುತ್ತೆ

ಮೊನ್ನೆ ಒಂದು ಅನುವಾದದಲ್ಲಿ 'ಫ್ರಿಜ್ಜಿನ ಝೇಂಕಾರ' ಅಂತ ಓದಿ ಕಾಫಿ ನೆತ್ತಿಗೇರಿತು. ಝೇಂಕಾರ ದುಂಬಿಗೆ ಸರಿ, ವೀಣೆಗೂ ಸರಿ. ಫ್ರಿಜ್ಜಿಗೆ ಗುಂಯ್ ಸಾಕು. ಬಾಯಲ್ಲಿ ದಿನಾ ಆಡ್ತೀವಿ, ಬರೆಯೋಕೆ ಕೂತಾಗ ಮಾತ್ರ ಅದ್ಯಾಕೋ ನಾಚಿಕೆ.

ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ವಲ್ಲ, ಚಟಚಟ, ಧಗಧಗ, ಗುಸುಗುಸು. ಹೆಚ್ಚಿನವೆಲ್ಲ ಜೋಡಿ. ಗುಂಯ್ ಮಾತ್ರ ಒಂಟಿ. ನನ್ನ ಲೆಕ್ಕ ಏನಂದ್ರೆ, ತುಂಡುತುಂಡಾಗಿ ಕೇಳೋ ಸದ್ದಿಗೆ ಜೋಡಿ ಬೇಕು, ಎಡೆಬಿಡದ ಸದ್ದಿಗೆ ಬೇಡ. ಮೇಷ್ಟ್ರಿಲ್ಲದ ಕ್ಲಾಸು ಗುಜುಗುಜು, ಯಾಕಂದ್ರೆ ಅಲ್ಲಿ ನಲವತ್ತು ಬಾಯಿ. ಬೀದಿ ಮೂಲೆಯ ಟೀಸಿ, ಅದೇ ಕರೆಂಟಿನ ಟ್ರಾನ್ಸ್‌ಫಾರ್ಮರ್, ಬರೀ ಗುಂಯ್. ನಿಜ ಹೇಳಬೇಕಂದ್ರೆ ಅದೂ ತುಂಡುತುಂಡೇ. ನಮ್ಮ 50 ಹರ್ಟ್ಜ್ ಕರೆಂಟಿಗೆ ಟೀಸಿಯ ಒಳಗಿನ ಕಬ್ಬಿಣದ ತಿರುಳು ಸೆಕೆಂಡಿಗೆ 100 ಸಲ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತೆ. ಅಷ್ಟನ್ನು ಎಣಿಸೋ ತಾಳ್ಮೆ ಕಿವಿಗಿಲ್ಲ, ಒಂದೇ ಎಳೆ ಮಾಡಿಬಿಡುತ್ತೆ.

ಹಾಗಾದ್ರೆ 'ಗುಂಯ್ ಗುಂಯ್' ಅನ್ನೋದು? ಅದು ಸೊಳ್ಳೆ. ಕಿವಿ ಹತ್ರ ಬಂದು, ಚಪ್ಪಾಳೆ ತಪ್ಪಿಸಿಕೊಂಡು, ಮತ್ತೆ ಬರುತ್ತಲ್ಲ, ಅದಕ್ಕೇ ಎರಡು ಸಲ.

ಕಪಾಳಕ್ಕೆ ಬಿದ್ದಾಗ ಕಿವಿ ಗುಂಯ್ ಅನ್ನೋದು ಬೇರೆ ಕಥೆ, ಅಲ್ಲಿ ಹೊರಗೆ ಸದ್ದೇ ಇರಲ್ಲ. ಯಾರೋ ಆಡಿದ ಮಾತು ವಾರಗಟ್ಟಲೆ ತಲೆಯಲ್ಲಿ ಗುಂಯ್‌ಗುಡೋದೂ ಹಾಗೇ. ಗುನುಗೋದು ನಾವು, ಗೊಣಗೋದೂ ನಾವು, ಗುಂಯ್‌ಗುಡೋಕೆ ಮಾತ್ರ ನಮ್ಮ ಅಪ್ಪಣೆ ಬೇಕಿಲ್ಲ.

ತಂಬೂರಿಯನ್ನು ಮರೆತರೆ ತಪ್ಪಾದೀತು. ಅದರ ಕುದುರೆ, ಅಂದ್ರೆ ತಂತಿಗಳನ್ನು ಹೊರೋ ಪಟ್ಟಿಯ ಮೇಲೆ, ತಂತಿಯಡಿ ಒಂದು ದಾರದ ಎಳೆ ಇಟ್ಟಿರ್ತಾರೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸ್ತಾ ಇದ್ರೆ, ಟಿಣ್ ಅಂತಿದ್ದ ತಂತಿ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಗುಂಯ್ ಅಂತ ಅರಳಿಕೊಳ್ಳುತ್ತೆ. ಜವಾರಿ ಅಂತಾರೆ ಅದಕ್ಕೆ. (ಉತ್ತರ ಕರ್ನಾಟಕದ ಗೆಳೆಯರು ಜವಾರಿ ಬದನೆಕಾಯಿ ನೆನೆಸ್ಕೋಬೇಡಿ.) ಅಲ್ಲಿ ಝೇಂಕಾರ ಅಂತ ಬರೆದ್ರೂ ನನ್ನ ತಕರಾರಿಲ್ಲ.

ಫ್ರಿಜ್ಜಿನ ವಿಷಯಕ್ಕೆ ಮಾತ್ರ ಜಗ್ಗಲ್ಲ. ಹೋದ ವಾರ ನಡುರಾತ್ರಿ ಕರೆಂಟ್ ಹೋಯ್ತು. ಗಾಢ ನಿದ್ದೆಯಲ್ಲಿದ್ದ ಅಮ್ಮ ಎದ್ದು ಕೂತು, "ಏನೋ ಅದು, ಗುಂಯ್ ಅಂತಿದ್ದದ್ದು ನಿಂತೋಯ್ತಲ್ಲೋ?" ಅಂದ್ರು. ನಾನು ಉತ್ತರ ಕೊಡೋ ಮೊದಲೇ ಸೊಳ್ಳೆ ಶುರು ಮಾಡ್ತು.