ಹಲ್ಲಿದ್ದವರಿಗೆ ಸೌದೆ

ಚೈನ್‌ಸಾ, ಅಂದರೆ ಮರ ಕೊಯ್ಯುವ ಸರಪಳಿ ಗರಗಸ, ಮನೆಗೆ ಬಂದ ದಿನ ಡಬ್ಬದ ತಳದಲ್ಲಿ ಒಂದು ಅರವೂ ಇತ್ತು. ಪೆನ್ಸಿಲಿಗಿಂತ ತೆಳು, ದುಂಡಗೆ, ಹಿಡಿ ಕೂಡ ಇಲ್ಲದ್ದು. ಇಷ್ಟು ದೊಡ್ಡ ಮಿಷನ್ನಿಗೆ ಇದ್ಯಾವ ಕಡ್ಡಿ ಅಂದುಕೊಂಡು ಹಳೇ ಬೀಗದ ಕೈಗಳ ಜೊತೆ ಡ್ರಾಯರಿಗೆ ಹಾಕಿದೆ. ಆಗ ನನ್ನ ಕಣ್ಣೆಲ್ಲ ಎಂಜಿನ್ನಿನ ಮೇಲೆ.

ಅದನ್ನು ಆರಿಸಲು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೊಯ್ಯಬೇಕಾಗಿದ್ದು ಒಲೆಗೆ ಆಗುವಷ್ಟು ಸೌದೆ, ಬಹಳ ಅಂದರೆ ತೊಡೆ ಗಾತ್ರದ ಕೊಂಬೆ. ಮನಸ್ಸು ಹೋಗಿದ್ದು ಮಾತ್ರ 70 ಸಿಸಿ ಎಂಜಿನ್, 24 ಇಂಚಿನ ಬಾರ್ (ಚೈನ್ ಸುತ್ತಿ ಓಡುವ ಉದ್ದನೆ ಪಟ್ಟಿ) ಇರುವುದರ ಮೇಲೆ. ಇಡೀ ಕಾಡನ್ನೇ ಗುತ್ತಿಗೆ ಹಿಡಿದವನ ಹಾಗೆ! ಅಂಗಡಿಯಲ್ಲಿ ಅದನ್ನೆತ್ತಿ ಎರಡು ನಿಮಿಷ ಸೊಂಟದ ಮಟ್ಟಕ್ಕೆ ಹಿಡಿದು ನಿಂತ ಮೇಲೆ ಆಸೆ ತಾನಾಗಿ ಇಳಿಯಿತು. ಮನೆ ಸೌದೆಗೆ 35ರಿಂದ 50 ಸಿಸಿ, 14 ಇಲ್ಲವೇ 16 ಇಂಚಿನ ಬಾರ್ ಧಾರಾಳ. ಬಾರ್ ಉದ್ದವಾದಷ್ಟೂ ತೂಕ ಜಾಸ್ತಿ, ಮೂತಿ ನೆಲಕ್ಕೆ ತಗಲುವುದೂ ಜಾಸ್ತಿ. ವರ್ಷಕ್ಕೆ ನಾಲ್ಕು ಕೊಂಬೆ ಕೊಯ್ಯುವವರಿಗೆ ಬ್ಯಾಟರಿಯದೇ ವಾಸಿ. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ನಾನು ಪೆಟ್ರೋಲಿನದು ತಂದೆ. ಹಗ್ಗ ಎಳೆದು ಶುರು ಮಾಡುವ ಗತ್ತು ಬೇಕಾಗಿತ್ತು, ಅಷ್ಟೆ.

ಮೊದಲ ಎರಡು ದಿನ ಗತ್ತೋ ಗತ್ತು. ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಮೂರನೇ ದಿನ ಗರಗಸದ ಮುಖವೇ ಬೇರೆ. ಒತ್ತಿ ಹಿಡಿದರೆ ಮಾತ್ರ ಇಳಿಯುತ್ತದೆ. ಕೊಯ್ದ ಕಡೆ ಹೊಗೆಯಾಡುತ್ತದೆ. ನೆಟ್ಟಗೆ ಹಿಡಿದರೂ ಸೊಟ್ಟಗೆ ಕೊಯ್ಯುತ್ತದೆ. ನಾನು ಪೆಟ್ರೋಲನ್ನು ಬೈದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿದೆ. ಏರ್ ಫಿಲ್ಟರ್ ತೊಳೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಲ್ಲ, ಅವಳಿಗೂ ನನಗೂ ಅಂಥ ವ್ಯತ್ಯಾಸ ಇರಲಿಲ್ಲ.

ಆಗ ಪಕ್ಕದ ಮನೆಯ ಹಿರಿಯರು ಬಂದು ನಿಂತರು. ಮಿಷನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ, ದಿಮ್ಮಿಯ ಕೆಳಗೆ ಬಿದ್ದಿದ್ದ ಪುಡಿಯನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಎರಡು ಬೆರಳ ನಡುವೆ ಉಜ್ಜಿದರು.

"ಏನಪ್ಪಾ, ಸೌದೆ ಕೊಯ್ತಿದ್ದೀಯೋ, ಹಿಟ್ಟು ಬೀಸ್ತಿದ್ದೀಯೋ?"

"ಎಂಜಿನ್ ಯಾಕೋ ಸೋತಿದೆ ಅನ್ಸುತ್ತೆ" ಅಂದೆ.

"ಎಂಜಿನ್ ಕೊಯ್ಯಲ್ಲ ಮಾರಾಯ. ಹಲ್ಲು ಕೊಯ್ಯುತ್ತೆ. ಅರ ಎಲ್ಲಿ?"

ಡ್ರಾಯರಿನಿಂದ ಹುಡುಕಿ ತಂದುಕೊಟ್ಟೆ. ಅಷ್ಟರಲ್ಲಿ ಅವರು ಚೈನನ್ನು ಬೆರಳಲ್ಲಿ ಜರುಗಿಸುತ್ತ ಒಂದು ಹಲ್ಲನ್ನು ಬಿಸಿಲಿಗೆ ಹಿಡಿದಿದ್ದರು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಹೊಳೆಯುತ್ತಿತ್ತು. "ಹೊಳೆದರೆ ಮೊಂಡು. ಹರಿತ ಇದ್ದರೆ ಅಂಚು ಕಣ್ಣಿಗೇ ಕಾಣಲ್ಲ" ಅಂದರು. ಹರಿತವಾದ ಚೈನ್ ಕೊಯ್ದರೆ ಉದುರುವುದು ಚಕ್ಕೆ, ಮೊಂಡು ಚೈನ್ ಕೊಯ್ದರೆ ಉದುರುವುದು ಪುಡಿ. ಗರಗಸದ ಆರೋಗ್ಯ ನೋಡಲು ನೆಲ ನೋಡಿದರೆ ಸಾಕು ಅಂತ ಗೊತ್ತಾಗಲು ನನಗೆ ಮೂರು ದಿನ ಬೇಕಾಯಿತು.

ಈ ಹಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಬಡಗಿಯ ಹತ್ತರಿ ಇದ್ದ ಹಾಗೆ ಇದೆ. ಹಿಂದೆ ಮಡಿಚಿದ ಅಲಗು. ಮುಂದೆ ಒಂದು ಪುಟ್ಟ ಉಬ್ಬು. ಅಲಗು ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದು ಈ ಉಬ್ಬಿನ ಲೆಕ್ಕ. ಅಲಗಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿದ್ದರೆ ಸಾಕು. ಬೇಗ ಕೊಯ್ಯಲಿ ಅಂತ ಇನ್ನೂ ತಗ್ಗಿಸಿದರೆ ಹಲ್ಲು ಮರವನ್ನು ಕಚ್ಚಿ ಹಿಡಿದು ಮಿಷನ್ನನ್ನೇ ಕುಣಿಸುತ್ತದೆ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಮೊದಲು ಹೀಗಿರಲಿಲ್ಲವಂತೆ, ಕೈಗರಗಸದ ಹಾಗೆ ಮೊನಚು ಹಲ್ಲುಗಳೇ ಇದ್ದವು. ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತನಿಗೆ ಅವಕ್ಕೆ ಅರ ಹಾಕಿ ಹಾಕಿ ಸಾಕಾಗಿತ್ತು. 1946ರಲ್ಲಿ ಒಂದು ಮರದ ಬೊಡ್ಡೆಯೊಳಗೆ ದುಂಬಿಯ ಮರಿಹುಳು ಮೇಯುವುದನ್ನು ಕಂಡ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ, ಮರದ ನಾರು ಅಡ್ಡ ಬರಲಿ, ಉದ್ದ ಬರಲಿ, ಸಲೀಸಾಗಿ ಸಾಗುತ್ತಿತ್ತು. ಆ ಹುಳದ ದವಡೆಯನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಚೈನ್ ಮಾರತೊಡಗಿದ. ಇವತ್ತಿನ ಚೈನುಗಳ ಹಲ್ಲು ಆ ಹುಳದ ವಂಶದ್ದೇ. ಪಾಪ, ಹುಳ ಅರ ಹಾಕಿಕೊಳ್ಳಬೇಕಿಲ್ಲ.

ನಾವು ಹಾಕಬೇಕು. ನನ್ನ ಚೈನಿನಲ್ಲಿ 28 ಹಲ್ಲು, ಬದಿಗೆ 14. ಅದಕ್ಕೆ 4 ಮಿಲಿಮೀಟರಿನ ಅರ. ಚೈನ್ ಬೇರೆಯಾದರೆ ಅರದ ದಪ್ಪವೂ ಬೇರೆ. ಮೊದಲ ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ, 30 ಡಿಗ್ರಿ ಓರೆಗೆ ಅರ ಇಟ್ಟು ಮುಂದಕ್ಕೆ ತಳ್ಳಬೇಕು. ಹಿಂದಕ್ಕೆ ತರುವಾಗ ಎತ್ತಿಬಿಡಬೇಕು, ಎಳೆದರೆ ಅರವೇ ಹಾಳು. ಒಂದು ಹಲ್ಲಿಗೆ ಮೂರು ತಳ್ಳು ಅಂದರೆ ಎಲ್ಲಕ್ಕೂ ಮೂರೇ. ಬಲಗೈ ಬಂಟರು ನಾವು, ಒಂದು ಬದಿಗೆ ಗಟ್ಟಿಯಾಗಿ ತಳ್ಳುತ್ತೇವೆ, ಇನ್ನೊಂದು ಬದಿಗೆ ಕಾಟಾಚಾರ. ಆ ಬದಿಯ ಹಲ್ಲು ಉದ್ದ ಉಳಿದರೆ ಗರಗಸ ಸೊಟ್ಟಗೆ ಹೋಗದೆ ಇನ್ನೇನು ಮಾಡೀತು? ಮನೆಯಲ್ಲೇ ದೊಡ್ಡ ಬಾಯಿಯ ಸಾಮಾನು ಇದು. ಅದರ ಜೊತೆ ಕುರ್ಚಿ ಹಾಕಿಕೊಂಡು ಸದ್ದಿಲ್ಲದೆ ಕೂರುವ ಈ ಅರ್ಧ ಗಂಟೆ ನನಗೆ ಈಗ ಕೊಯ್ಯುವುದಕ್ಕಿಂತ ಇಷ್ಟ. ಜರ್, ಜರ್, ಜರ್, ಮುಂದಿನ ಹಲ್ಲು.

ಉಳಿದ ಆರೈಕೆ ಅಂಥ ಬ್ರಹ್ಮವಿದ್ಯೆ ಅಲ್ಲ. ನನ್ನದಕ್ಕೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಎಣ್ಣೆ. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಎಣ್ಣೆಯನ್ನೂ ತುಂಬುವುದು. ಎಣ್ಣೆ ಬರುತ್ತಿದೆಯೋ ಇಲ್ಲವೋ ಅನುಮಾನ ಇದ್ದರೆ ಮೂತಿಯನ್ನು ರಟ್ಟಿನ ಕಡೆ ಹಿಡಿದು ಜೋರಾಗಿ ಓಡಿಸಿದರೆ ಎಣ್ಣೆಯ ಗೆರೆ ಬೀಳುತ್ತದೆ. ಚೈನ್ ಬಾರಿನ ತಳಕ್ಕೆ ಅಂಟಿರಬೇಕು, ಕೈಯಲ್ಲಿ ಎಳೆದರೆ ಓಡಬೇಕು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಬೇಕು, ಇಲ್ಲದಿದ್ದರೆ ತಣ್ಣಗಾದಾಗ ಕುಗ್ಗಿ ಬಾರನ್ನು ಹಿಸುಕುತ್ತದೆ. ಬಾರನ್ನು ಆಗಾಗ ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಇಷ್ಟೆಲ್ಲ ಮಾಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ನಾಲ್ಕು ತಿಂಗಳು ಮೂಲೆಗಿಟ್ಟೆ. ಮತ್ತೆ ತೆಗೆದಾಗ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು. ಹಳೇ ಪೆಟ್ರೋಲ್ ಕಾರ್ಬೊರೇಟರಿನಲ್ಲಿ ಅಂಟಾಗಿ ಕೂತಿತ್ತು. ನನ್ನಾಕೆ ಕಿಟಕಿಯಿಂದ "ಗತ್ತು ಹೇಗಿದೆ?" ಅಂದಳು.

ಇದೊಂದು ಹುಚ್ಚು ಪ್ರಾಣಿ ಅನ್ನುವುದನ್ನೂ ಮರೆಯುವಂತಿಲ್ಲ. ಸರಪಳಿ ಗರಗಸ ಮೊದಲು ಹುಟ್ಟಿದ್ದು ಮರಕ್ಕಲ್ಲ. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ವೈದ್ಯರು ಮೂಳೆ ಕೊಯ್ಯಲು ಮಾಡಿಕೊಂಡ ಕೈಸಲಕರಣೆ ಅದು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಲ್ವಾ! ಮೂತಿಯ ಮೇಲರ್ಧ ಎಲ್ಲಾದರೂ ತಗಲಿದರೆ ಗರಗಸ ಮುಖದ ಕಡೆಗೇ ಎಗರುತ್ತದೆ. ಅದಕ್ಕೇ ಕೊಯ್ಯುವಾಗ ಎರಡೂ ಕೈ ಬಿಗಿ, ಹೆಬ್ಬೆರಳು ಹಿಡಿಯ ಸುತ್ತ. ಕಣ್ಣಿಗೆ, ಕಿವಿಗೆ ರಕ್ಷಣೆ. ಕಾಲಿಗೆ ತೊಡುವ ದಪ್ಪ ಉಡುಪಿನೊಳಗೆ ಉದ್ದುದ್ದ ನೂಲಿನ ಪದರಗಳಿವೆ. ಚೈನ್ ತಗಲಿದರೆ ಆ ನೂಲು ಕಿತ್ತು ಬಂದು ಚೈನ್ ಓಡಿಸುವ ಚಕ್ರಕ್ಕೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ತೊಟ್ಟರೆ ಬೆವರಿಳಿಯುತ್ತದೆ ನಿಜ. ಇಳಿಯಲಿ, ರಕ್ತಕ್ಕಿಂತ ಬೆವರು ವಾಸಿ.

ಮೊನ್ನೆ 28 ಹಲ್ಲಿಗೂ ಅರ ಹಾಕಿ ಎದ್ದೆ. ಉದ್ದುದ್ದ ಚಕ್ಕೆ ಬೂಟಿನ ಮೇಲೆಲ್ಲ ಸುರಿಯಿತು. ಹಿರಿಯರು ಬಂದು ಒಂದು ಚಕ್ಕೆ ಎತ್ತಿ ನೋಡಿ, ಏನೂ ಹೇಳದೆ ಕೆಳಗೆ ಹಾಕಿದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅದೇ ಹುರುಪಿನಲ್ಲಿ, ನೆಲದ ಮೇಲಿದ್ದ ಕೊನೇ ದಿಮ್ಮಿಯ ಕೆಳಗೆ ಅಡ್ಡ ಕಟ್ಟಿಗೆ ಇಡದೆ ಕೊಯ್ದೆ. ಚೈನ್ ಮರ ದಾಟಿ ಮಣ್ಣಿಗಿಳಿಯಿತು. ಕಲ್ಲು ತಗಲಿ ಒಂದೇ ಒಂದು ಕಿಡಿ ಹಾರಿತು.

ಹಿರಿಯರು ಒಳಗೆ ಹೋಗಿ ಕುರ್ಚಿ ತಂದು ಹಾಕಿದರು.