ಡ್ರೈವಿಂಗ್ ರಕ್ತದಲ್ಲಿ ಬರಲ್ಲ, ಕಲಿಸಿದ್ರೆ ಬರುತ್ತೆ

ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಾವು ನಾಲ್ಕು ಜನ ಕನ್ನಡದವರು ಸೇರಿದ್ರೆ, ಯುಗಾದಿ ಊಟ ಆಗ್ಲಿ ರಾಜ್ಯೋತ್ಸವ ಆಗ್ಲಿ, ಮಾತು ಸುತ್ತಿ ಬಳಸಿ ಊರಿನ ಟ್ರಾಫಿಕ್‌ಗೇ ಬಂದು ನಿಲ್ಲುತ್ತೆ. ರಜಕ್ಕೆ ಊರಿಗೆ ಹೋಗಿ ಬಂದವ್ರು ಯಾರಾದ್ರೂ ಒಬ್ರು ಶುರು ಮಾಡ್ತಾರೆ, ರಾಂಗ್ ಸೈಡಲ್ಲಿ ಬಂದ ಬೈಕು, ಇಂಡಿಕೇಟರ್ ಇಲ್ದೆ ತಿರುಗಿದ ಆಟೋ, ಹೈಬೀಮ್ ಹಾಕ್ಕೊಂಡ್ ಬಂದ ಲಾರಿ, ಆಮೇಲೆ ಎಲ್ರೂ ಸೇರಿ ಒಂದು ತೀರ್ಪು ಕೊಟ್ಬಿಡ್ತಾರೆ, "ನಮ್ ಜನಕ್ಕೆ ಬುದ್ಧಿ ಬರಲ್ಲ ಬಿಡಿ, ಶಿಸ್ತು ನಮ್ ರಕ್ತದಲ್ಲೇ ಇಲ್ಲ" ಅಂತ. ಈ ಮಾತನ್ನ ನಾನು ಒಪ್ಪಲ್ಲ. ಒಪ್ಪದೇ ಇರೋದು ಅಭಿಮಾನಕ್ಕಲ್ಲ, ಇದು ಸುಳ್ಳು ಅಂತ ಇದೇ ಜರ್ಮನಿಯ ಇತಿಹಾಸನೇ ಹೇಳುತ್ತೆ.

1970ರಲ್ಲಿ ಆಗಿನ ಎರಡೂ ಜರ್ಮನಿ ಸೇರಿಸಿ ರಸ್ತೆ ಅಪಘಾತದಲ್ಲಿ ಸತ್ತವರು 21 ಸಾವಿರಕ್ಕೂ ಹೆಚ್ಚು. ಈಗ ಅವತ್ತಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಡಿಗಳಿವೆ, ಆದ್ರೂ ವರ್ಷಕ್ಕೆ 3 ಸಾವಿರದ ಒಳಗೇ ಇದೆ. ಜನ ಅವರೇ, ರಕ್ತನೂ ಅದೇ. ಬದಲಾಗಿದ್ದು ಏನು ಅಂದ್ರೆ, 1972ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಊರಾಚೆ ಮಾಮೂಲಿ ರಸ್ತೆಗಳಿಗೆ 100 ಕಿಲೋಮೀಟರ್ ಮಿತಿ ತಂದ್ರು, ಮರುವರ್ಷ ಕುಡಿದು ಓಡಿಸೋದಕ್ಕೆ ಇದ್ದ ಮಿತಿ ಬಿಗಿ ಮಾಡಿದ್ರು, 1976ರಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯ ಮಾಡಿದ್ರು. ಕಡ್ಡಾಯ ಅಂದಾಕ್ಷಣ ಇವ್ರೇನು ಹಾಕ್ಕೊಂಡ್ಬಿಡಲಿಲ್ಲ, ನಮ್ಮವರ ಥರಾನೇ "ಬೆಂಕಿ ಹತ್ಕೊಂಡ್ರೆ ಈಚೆ ಬರೋದ್ ಹೇಗೆ" ಅಂತೆಲ್ಲ ವಾದ ಮಾಡಿದ್ರು. 1984ರಲ್ಲಿ ದಂಡ ಹಾಕೋಕೆ ಶುರು ಮಾಡಿದ್ಮೇಲೆ ನೂರಕ್ಕೆ ತೊಂಬತ್ತು ಜನ ಹಾಕಿದ್ರು. ಹಾಗಾಗಿ ಇದು ಜನಾಂಗದ ಗುಣದ ಪ್ರಶ್ನೆ ಅಲ್ಲವೇ ಅಲ್ಲ.

ನಿಜವಾದ ವ್ಯತ್ಯಾಸ ಲೈಸೆನ್ಸ್ ಕೊಡೋ ಕಡೆ ಇದೆ ಅಂತ ನನಗನ್ಸುತ್ತೆ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತೆ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಮತ್ತೆ ಬರೀಬೇಕು, ಜೊತೆಗೆ ಕಣ್ಣಿನ ಟೆಸ್ಟು, ಒಂದು ದಿನದ ಫಸ್ಟ್ ಏಡ್ ತರಬೇತಿ. ಬೆಂಗ್ಳೂರಿನ ಆಡುಗೋಡಿ ಆಫೀಸಿಂದ ಇಲ್ಲಿಗೆ ವರ್ಗ ಆಗಿ ಬಂದ ಹಾಸನದ ಹುಡುಗ ಒಬ್ಬ, ಸಿಲ್ಕ್ ಬೋರ್ಡು, ಹೊಸೂರು ರೋಡು ಎಲ್ಲಾ ಅರೆದು ಕುಡಿದವನು, ಕ್ಲಚ್ಚು ಗೇರು ಸ್ಟೇರಿಂಗು ಯಾವುದ್ರಲ್ಲೂ ಹೆಸರಿಡೋ ಹಾಗಿಲ್ಲ. ಮೊದಲನೇ ಪ್ರಾಕ್ಟಿಕಲ್‌ನಲ್ಲೇ ಫೇಲ್ ಮಾಡಿದ್ರು. ಕಾರಣ, ಬಲಕ್ಕೆ ತಿರುಗೋವಾಗ ಕನ್ನಡಿ ನೋಡಿದ್ನಂತೆ, ಆದ್ರೆ ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡ್ಲಿಲ್ಲವಂತೆ. ಇಲ್ಲಿ ಗಾಡಿ ಬಲಗಡೆ ಓಡುತ್ತೆ, ಬಲಗಡೆನೇ ಸೈಕಲ್ ದಾರಿ ಇರುತ್ತೆ, ನೇರ ಹೋಗೋ ಸೈಕಲ್‌ನೋರು ಕನ್ನಡಿಗೆ ಕಾಣಿಸದ ಜಾಗದಲ್ಲಿ ಇರ್ತಾರೆ. ಅವತ್ತು ಸೈಕಲ್ ಬಂದಿತ್ತಾ ಅಂತ ಕೇಳಿದ್ರೆ, ಬಂದಿರಲಿಲ್ಲ. ಆದ್ರೂ ಫೇಲು. ಎರಡು ವಾರ ಆ ಹುಡುಗ ಬೈಕೊಂಡು ಓಡಾಡಿದ, ಈಗ ಅವನೇ ಹೊಸದಾಗಿ ಬಂದವ್ರಿಗೆಲ್ಲ ಕತ್ತು ತಿರುಗಿಸಿ ಅಂತ ಹೇಳಿಕೊಡ್ತಾನೆ.

ಹೊಸದಾಗಿ ಕಲಿಯೋರಿಗಂತೂ ಇನ್ನೂ ಇದೆ. ಹಳ್ಳಿ ಕಡೆ ರಸ್ತೆಯಲ್ಲಿ 5, ಆಟೋಬಾನ್ ಅನ್ನೋ ಹೈವೇಲಿ 4, ಕತ್ತಲಲ್ಲಿ 3, ಒಟ್ಟು ಇಷ್ಟು ಪಾಠ ಕಡ್ಡಾಯ, ಒಂದೊಂದೂ 45 ನಿಮಿಷ, ಪಕ್ಕದಲ್ಲಿ ಬ್ರೇಕ್ ಇರೋ ಮೇಷ್ಟ್ರು ಕೂತಿರ್ತಾರೆ. ಈ ಕತ್ತಲ ಪಾಠ ನನಗೆ ಬಹಳ ಮುಖ್ಯ ಅನ್ಸುತ್ತೆ. ನಮ್ಮಲ್ಲಿ ಎಷ್ಟು ಜನಕ್ಕೆ ಯಾರಾದ್ರೂ ಪಕ್ಕ ಕೂತು, ಎದುರು ಲೈಟ್ ಬಂದಾಗ ಆ ಲೈಟನ್ನ ದಿಟ್ಟಿಸಬೇಡ ರಸ್ತೆಯ ನಿನ್ನ ಕಡೆ ಅಂಚು ನೋಡು, ಡಿಪ್ ಮಾಡು, ಸ್ಪೀಡ್ ಇಳಿಸು ಅಂತ ಹೇಳಿಕೊಟ್ಟಿದ್ದಾರೆ? ಡ್ರೈವಿಂಗ್ ಸ್ಕೂಲಲ್ಲಿ ಬೆಳಿಗ್ಗೆ ಆರೂವರೆಗೆ ಖಾಲಿ ಲೇಔಟ್‌ನಲ್ಲಿ ನಾಲ್ಕು ರೌಂಡ್ ಹೊಡೆಸಿ, ಆರ್‌ಟಿಒ ಗ್ರೌಂಡಲ್ಲಿ ರಿವರ್ಸ್ ತೆಗೆಸಿ, ಬೈಕಾದ್ರೆ ಎಂಟು ಹಾಕಿಸಿ ಕಳಿಸ್ತಾರೆ. ಗಾಡಿ ಮುಂದೆ ಹೋಗೋದು, ಹಿಂದೆ ಬರೋದು, ನಿಲ್ಲೋದು ಕಲಿತಾಯ್ತು. ಬೇರೆಯವ್ರ ನಡುವೆ ಹೋಗೋದನ್ನ ಯಾರೂ ಕಲಿಸಲೇ ಇಲ್ಲ, ಅದನ್ನ ರಸ್ತೆಗಿಳಿದು ಪಕ್ಕದವ್ರನ್ನ ನೋಡಿ ಕಲೀಬೇಕು, ಪಕ್ಕದವ್ರೂ ಹಾಗೇ ಕಲಿತವ್ರು.

ಹೀಗೆ ನೋಡಿ ಕಲಿತದ್ದರಲ್ಲಿ ಮೊದಲನೇದು ಹಾರ್ನು. ನಮ್ಮಲ್ಲಿ ಹಾರ್ನ್ ಹೊಡೆದ್ರೆ ನಮ್ಮ ಜವಾಬ್ದಾರಿ ಮುಗೀತು ಅಂತ ಲೆಕ್ಕ. ಕ್ರಾಸ್ ಬಂತು, ಹಾರ್ನ್ ಹೊಡೆದೆ, ಇನ್ಮೇಲೆ ನಿಲ್ಲಬೇಕಾದ್ದು ನೀನು. ತಿರುವು ಬಂತು, ಹಾರ್ನ್ ಹೊಡೆದೆ, ಎದುರಿಗೆ ಬರೋರು ನೋಡ್ಕೊಳ್ಳಲಿ. ಗುದ್ದಿದ ಮೇಲೂ ಮೊದಲು ಬರೋ ಮಾತು "ಅಷ್ಟು ಹಾರ್ನ್ ಹೊಡೆದೆ ಕೇಳಿಸ್ಲಿಲ್ವೇನ್ರೀ" ಅಂತ. ಇಲ್ಲಿ ಊರೊಳಗೆ ಹಾರ್ನ್ ಹೊಡೆಯೋದು ಅಪಾಯ ಇದ್ರೆ ಮಾತ್ರ, ಹಾಗಾಗಿ ಕಣ್ಣಿಂದನೇ ಎಲ್ಲಾ ಆಗ್ಬೇಕು, ಪಾರ್ಕ್ ಮಾಡಿದ ಕಾರುಗಳ ಮಧ್ಯೆಯಿಂದ ಚೆಂಡು ಉರುಳಿ ಬಂದ್ರೆ ಅದರ ಹಿಂದೆ ಮಗು ಬರುತ್ತೆ ಅಂದ್ಕೊಂಡು ಬ್ರೇಕ್ ಮೇಲೆ ಕಾಲಿಡಬೇಕು. ಎದುರಿನವರು ತಪ್ಪು ಮಾಡಬಹುದು ಅಂತ ಅಂದ್ಕೊಂಡೇ ಓಡಿಸೋದು ಕಲಿಸ್ತಾರೆ. ಇನ್ನು ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಸರ್ಕಲ್‌ನಲ್ಲಿ ನೇರ ಹೋಗೋದು, ಮಳೇಲಿ ಹಾಗೇ ಮಿನುಗಿಸ್ಕೊಂಡು ಓಡಿಸೋದು ನಮ್ಮಲ್ಲಿ ಯಾವಾಗ ಶುರುವಾಯ್ತೋ, ಅದರಿಂದ ಹಿಂದಿನವನಿಗೆ ನೀವು ನಿಂತಿದ್ದೀರೋ ತಿರುಗ್ತೀರೋ ಒಂದೂ ಗೊತ್ತಾಗಲ್ಲ. ಇಲ್ಲಿ ಅದನ್ನ ಹಾಕೋದು ಹೈವೇಲಿ ಮುಂದೆ ಜಾಮ್ ಕಂಡಾಗ, ಹಿಂದಿನವರು ಬಂದು ಗುದ್ದದೇ ಇರ್ಲಿ ಅಂತ.

ಗ್ಯಾಪ್ ವಿಷಯಾನೂ ಹೇಳ್ಬೇಕು. ಹೈವೇಲಿ ಸ್ಪೀಡೋಮೀಟರ್‌ನ ಅರ್ಧದಷ್ಟು ಮೀಟರ್ ಬಿಡಿ ಅಂತಾರೆ ಇಲ್ಲಿ, ನೂರರಲ್ಲಿ ಹೋಗ್ತಿದ್ರೆ 50 ಮೀಟರು. ಊರಲ್ಲಿ ಇದನ್ನ ಹೇಳಿದ್ರೆ ನನ್ನ ಭಾವ ನಗ್ತಾರೆ, "ಅಷ್ಟು ಗ್ಯಾಪ್ ಬಿಟ್ರೆ ಮೂರು ಗಾಡಿ ನುಗ್ತವೆ ಕಣಯ್ಯಾ" ಅಂತ. ನುಗ್ಗಲಿ ಭಾವ. ಮೂರು ಗಾಡಿ ನುಗ್ಗಿದ್ರೆ ನಾವು ಮನೆಗೆ ತಲುಪೋದು ಹತ್ತು ಸೆಕೆಂಡ್ ಲೇಟಾಗುತ್ತೆ ಅಷ್ಟೇ. ಅವರ ಹಿಂದೆ ಮತ್ತೆ ಗ್ಯಾಪ್ ಮಾಡ್ಕೊಳ್ಳೋಣ. ಮುಂದಿನವನು ನಾಯಿ ಅಡ್ಡ ಬಂತು ಅಂತ ಗಕ್ಕನೆ ಬ್ರೇಕ್ ಹೊಡೆದಾಗ ನಮ್ಮನ್ನ ಕಾಪಾಡೋದು ಆ ಗ್ಯಾಪ್ ಬಿಟ್ರೆ ಬೇರೆ ಏನೂ ಇಲ್ಲ.

ಆಂಬ್ಯುಲೆನ್ಸ್‌ಗೆ ದಾರಿ ಬಿಡೋದ್ರಲ್ಲೂ ನಮ್ಮ ಜನಕ್ಕೆ ಕರುಣೆ ಇಲ್ಲ ಅಂತ ಬೈತಾರೆ, ಅದೂ ತಪ್ಪು. ಬೆಂಗ್ಳೂರಲ್ಲಿ ಸೈರನ್ ಕೇಳಿದ್ರೆ ಜನ ನಿಜವಾಗ್ಲೂ ಒದ್ದಾಡ್ತಾರೆ, ಒಬ್ರು ಎಡಕ್ಕೆ ಒತ್ತುತಾರೆ, ಇನ್ನೊಬ್ರು ಬಲಕ್ಕೆ, ಮತ್ತೊಬ್ರು ಸಿಗ್ನಲ್ ದಾಟಿಬಿಡ್ಲಾ ಬೇಡ್ವಾ ಅಂತ ಪೊಲೀಸ್ ಮುಖ ನೋಡ್ತಾರೆ. ಏನು ಮಾಡ್ಬೇಕು ಅಂತ ಮೊದಲೇ ತೀರ್ಮಾನ ಆಗಿಲ್ಲ, ಅದೇ ತೊಂದ್ರೆ. ಇಲ್ಲಿ ಲಿಯೋನ್‌ಬೆರ್ಗ್ ಹತ್ರ ಎ8 ಹೈವೇಲಿ ಜಾಮ್ ಶುರುವಾಗಿ ಗಾಡಿಗಳು ನಡೆಯೋ ಸ್ಪೀಡಿಗೆ ಬಂದ ತಕ್ಷಣ, ಆಂಬ್ಯುಲೆನ್ಸ್ ಇರ್ಲಿ ಬಿಡ್ಲಿ, ಎಡ ತುದಿ ಲೇನಿನವ್ರು ಎಡಕ್ಕೆ ಸರೀತಾರೆ, ಮಿಕ್ಕವ್ರೆಲ್ಲಾ ಬಲಕ್ಕೆ, ಮಧ್ಯ ದಾರಿ ಬೈತಲೆ ತೆಗೆದ ಹಾಗೆ ಬಿಚ್ಚಿಕೊಳ್ಳುತ್ತೆ. ಯಾರೂ ಯೋಚನೆ ಮಾಡಲ್ಲ, ಕೈ ತಾನಾಗೇ ತಿರುಗುತ್ತೆ. ಮಾಡದಿದ್ರೆ ಕನಿಷ್ಠ 200 ಯೂರೋ ದಂಡ, ಒಂದು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ. ನಮ್ಮಲ್ಲೂ ದಂಡ ಇಲ್ಲ ಅಂತಲ್ಲ, 2019ರಲ್ಲಿ ತಿದ್ದುಪಡಿ ಆದ ಕೇಂದ್ರದ ಮೋಟಾರು ವಾಹನ ಕಾಯ್ದೆ ಪ್ರಕಾರ ಆಂಬ್ಯುಲೆನ್ಸ್‌ಗೆ ದಾರಿ ಬಿಡದಿದ್ರೆ ಹತ್ತು ಸಾವಿರ ರೂಪಾಯಿ. ಯಾವ ಕಡೆ ಸರೀಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಕಲಿಸಿದ್ರೆ ನಮ್ಮವ್ರು ಹೇಗೆ ಓಡಿಸ್ತಾರೆ ಅಂತ ನೋಡೋಕೆ ಜರ್ಮನಿಗೆ ಬರೋದೇ ಬೇಡ, ನಮ್ಮ ಕೆಂಪು ಬಸ್ಸು ಹತ್ತಿದ್ರೆ ಸಾಕು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಂಜು ಕವಿದಾಗ ಕೆಎಸ್‌ಆರ್‌ಟಿಸಿ ಡ್ರೈವರ್ ಒಬ್ರು ಇಳಿಯೋದನ್ನ ಮುಂದಿನ ಸೀಟಲ್ಲಿ ಕೂತು ನೋಡಿ. ಗೇರ್ ಇಳಿಸಿ ಇಂಜಿನ್ ಮೇಲೇ ಗಾಡಿ ಹಿಡಿದಿರ್ತಾರೆ, ಹೇರ್‌ಪಿನ್ ತಿರುವಲ್ಲಿ ಹತ್ತಿ ಬರೋ ಲಾರಿ ಕಂಡ್ರೆ ಮೊದಲೇ ನಿಂತು ಅದಕ್ಕೆ ದಾರಿ ಬಿಡ್ತಾರೆ, ಲಾರಿಯವರು ದಾಟೋವಾಗ ಕೈ ಎತ್ತುತಾರೆ, ಇವರೂ ಎತ್ತುತಾರೆ. 5 ವರ್ಷ ಅಪಘಾತ ಇಲ್ದೆ ಓಡಿಸಿದವ್ರಿಗೆ ನಿಗಮ ಬೆಳ್ಳಿ ಪದಕ ಕೊಡುತ್ತೆ, 15 ವರ್ಷ ಆದ್ರೆ ಚಿನ್ನದ್ದು, ಆ ಪದಕ ಎದೆಗೆ ಹಾಕ್ಕೊಂಡು ಡ್ಯೂಟಿಗೆ ಬರೋರನ್ನ ನಾನು ನೋಡಿದ್ದೀನಿ. ಅದೇ ಹಳ್ಳಿ, ಅದೇ ಜಿಲ್ಲೆಯಿಂದ ಬಂದವ್ರು ತಾನೇ ಅವ್ರೂ?

ಬೆಂಗಳೂರು ಮೈಸೂರು ಹೈವೇನೂ ಅಷ್ಟೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ರೋಡ್ ಬಂತು, ಅದರಲ್ಲಿ ಓಡಿಸೋ ರೀತಿ ಬರಲಿಲ್ಲ, ಸಾವಿನ ಸುದ್ದಿ ದಿನಾ ಬರ್ತಿತ್ತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ನ ಮುಖ್ಯ ರಸ್ತೆಗೆ ಬಿಡೋದು ನಿಲ್ಸಿದ್ರು, 100ರ ಮಿತಿ ಮೀರಿದವ್ರನ್ನ ಹಿಡಿಯೋಕೆ ಶುರು ಮಾಡಿದ್ರು, ಕ್ಯಾಮೆರಾ ಬಂತು, ಸಾವು ಕಮ್ಮಿ ಆಯ್ತು. ಬೈಕ್‌ನವ್ರಿಗೆ, ರೈತರಿಗೆ ಸರ್ವಿಸ್ ರೋಡ್ ಇನ್ನೂ ಸರಿಯಾಗಿ ಮಾಡಿಕೊಡ್ಬೇಕು, ಆ ಜವಾಬ್ದಾರಿ ಸರ್ಕಾರದ್ದು. ಯೂ ಟರ್ನ್‌ಗೆ ಕಿಲೋಮೀಟರ್‌ಗಟ್ಟಲೆ ಹೋಗೋ ಹಾಗೆ ರೋಡ್ ಕಟ್ಟಿ ಆಮೇಲೆ ರಾಂಗ್ ಸೈಡ್ ಬಂದ್ರು ಅಂತ ಹಳ್ಳಿಯವ್ರನ್ನ ಮಾತ್ರ ಬೈಯೋದು ನ್ಯಾಯ ಅಲ್ಲ.

ಈಗ ನಾವು ಹೊರಗಿರೋರು ಮಾಡಬಹುದಾದ್ದು. ಇಲ್ಲಿ ಮಗು 12 ವರ್ಷ ಅಥವಾ 150 ಸೆಂಟಿಮೀಟರ್ ಆಗೋವರೆಗೂ ಚೈಲ್ಡ್ ಸೀಟ್ ಇಲ್ದೆ ಕಾರ್ ತೆಗೆಯದ ನಾವು, ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಹಿಂದಿನ ಸೀಟಲ್ಲಿ ಬೆಲ್ಟ್ ಇಲ್ದೆ ಹಾಸನಕ್ಕೆ ಹೊರಟುಬಿಡ್ತೀವಿ. ಬೆಲ್ಟ್ ಕೇಳಿದ್ರೆ ಸಿಗೋದೂ ಇಲ್ಲ. ಟ್ಯಾಕ್ಸಿಗಳಲ್ಲಿ ರೆಕ್ಸಿನ್ ಸೀಟ್ ಕವರ್ ಹೊಲಿಸುವಾಗ ಬಕಲ್‌ಗಳನ್ನ ಒಳಗೆ ತಳ್ಳಿ ಮೇಲೆ ಕವರ್ ಎಳೆದುಬಿಟ್ಟಿರ್ತಾರೆ, ಬೆಲ್ಟ್ ನೇತಾಡ್ತಿರುತ್ತೆ, ಸಿಕ್ಕಿಸೋಕೆ ಜಾಗನೇ ಇಲ್ಲ. "ಹಿಂದೆ ಯಾರ್ ಹಾಕ್ತಾರೆ ಸಾರ್" ಅಂತಾರೆ ಡ್ರೈವರ್. 2022ರಲ್ಲಿ ನಮ್ಮ ದೇಶದಲ್ಲಿ ಬೆಲ್ಟ್ ಹಾಕದೇ ಸತ್ತವರು 16,715 ಜನ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಡ್ರೈವರ್ ಅಲ್ಲ, ಪಕ್ಕದಲ್ಲಿ, ಹಿಂದೆ ಕೂತವ್ರು. ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದೂ ಅದೇ ವರ್ಷ, ಹಿಂದಿನ ಸೀಟಲ್ಲಿ, ಬೆಲ್ಟ್ ಇಲ್ದೆ. ಆಮೇಲೆ ಕರ್ನಾಟಕದಲ್ಲೂ ಹಿಂದೆ ಕೂತವ್ರಿಗೆ ಸಾವಿರ ರೂಪಾಯಿ ದಂಡ ಅಂತ ಪೊಲೀಸ್ ಆದೇಶ ಬಂತು.

ಇನ್ನೊಂದು ನಿದ್ದೆ. ಯುರೋಪಿನ ಫ್ಲೈಟುಗಳು ಬೆಂಗ್ಳೂರಲ್ಲಿ ಇಳಿಯೋದು ಬಹುಪಾಲು ನಡುರಾತ್ರಿ. ಊರಿಂದ ಕರೆಯೋಕೆ ಬಂದ ಡ್ರೈವರ್ ಮಧ್ಯಾಹ್ನ ಹೊರಟಿರ್ತಾರೆ, ಬೆಳಿಗ್ಗೆ ಇನ್ನೊಂದು ಬಾಡಿಗೆ ಮುಗಿಸಿರ್ತಾರೆ, ಪಾರ್ಕಿಂಗಲ್ಲಿ ಕಾರೊಳಗೆ ಸೊಳ್ಳೆ ಕಡಿಸ್ಕೊಂಡು ಕಾದಿರ್ತಾರೆ. ನಾವು ಸೂಟ್‌ಕೇಸ್ ಹೇರಿ ಹಿಂದೆ ನಿದ್ದೆ ಹೊಡೀತೀವಿ, ಅವರು ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಹಿರೀಸಾವೆ ಹತ್ರ ಬರೋ ಹೊತ್ತಿಗೆ ಮೂರೂವರೆ ನಾಲ್ಕು ಗಂಟೆ, ಕಣ್ಣು ತಾನಾಗೇ ಮುಚ್ಚೋ ಹೊತ್ತು. ರಸ್ತೆ ಪಕ್ಕ ಹಿಂದಿನ ಲೈಟಿಲ್ದೆ, ರಿಫ್ಲೆಕ್ಟರ್ ಇಲ್ದೆ ನಿಂತ ಲಾರಿ ಅವರಿಗೆ ಕಾಣೋದು ತೀರಾ ಹತ್ರ ಹೋದಾಗ. ಅಪ್ಪ ಅಮ್ಮ ಕಾಯ್ತಿರ್ತಾರೆ ಅನ್ನೋ ಆತುರ ನನಗೂ ಗೊತ್ತು, ಆದ್ರೆ ಐದು ಗಂಟೆ ಬೇಗ ಮನೆ ಸೇರೋದಕ್ಕೋಸ್ಕರ ಒಬ್ಬ ಡ್ರೈವರ್‌ನ, ಹೆಂಡ್ತಿ ಮಕ್ಕಳನ್ನ ಈ ಅಪಾಯಕ್ಕೆ ಒಡ್ಡಬಾರದು.

ನಮ್ಮನೇಲಿ ಈಗ ಎರಡು ನಿಯಮ ಮಾಡ್ಕೊಂಡಿದ್ದೀವಿ. ಬುಕ್ ಮಾಡೋವಾಗ್ಲೇ ಹಿಂದಿನ ಸೀಟಿನ ಬಕಲ್ ಈಚೆ ತೆಗೆದು ಫೋಟೋ ಕಳಿಸ್ಬೇಕು ಅಂತ ಹೇಳ್ತೀವಿ, ಕವರ್ ಕತ್ತರಿಸಬೇಕಾದ್ರೆ ಅದರ ಖರ್ಚು ನಮ್ದು. ರಾತ್ರಿ ಇಳಿದ್ರೆ ದೇವನಹಳ್ಳಿ ಕಡೆನೇ ಒಂದು ರೂಮ್, ಡ್ರೈವರ್‌ಗೂ ಒಂದು ರೂಮ್, ಬೆಳಕಾದ ಮೇಲೇ ಗಾಡಿ ಹೊರಡೋದು. ಮೊದಲ ಸಲ ಗಾಡಿ ಓನರ್‌ಗೆ ಇದು ಅರ್ಥನೇ ಆಗ್ಲಿಲ್ಲ, ಫಾರಿನ್‌ನೋರ ಕಿರಿಕಿರಿ ಅಂದ್ಕೊಂಡ್ರು. ಕಳೆದ ಸಲ ಫೋನ್ ಮಾಡಿದಾಗ ನಾನು ಕೇಳೋಕೆ ಮುಂಚೆ ಅವ್ರೇ ಹೇಳಿದ್ರು, ಬೇರೆ ಮೂರು ಗಾಡಿಗೂ ಬಕಲ್ ಈಚೆ ತೆಗೆಸಿದ್ದೀನಿ ಸಾರ್, ಕವರ್ ಹೊಲಿಯೋನು ಒಂದು ಗಾಡಿಗೆ ಇನ್ನೂರು ರೂಪಾಯಿ ತಗೊಂಡ ಅಂತ.